ಅಂತರರಾಷ್ಟ್ರೀಯ ದತ್ತು: ಯಾದಗಿರಿಯ ಕಡತದಿಂದ ವಿದೇಶದ ಮನೆಯವರೆಗೆ

ಅಮೆರಿಕ, ಇಟಲಿ ಅಥವಾ ಸ್ಪೇನ್‌ನಲ್ಲಿ ನೆಲೆಸಿರುವ ದಂಪತಿ ಭಾರತದ ಮಗುವನ್ನು ದತ್ತು ಪಡೆಯಲು ನಿರ್ಧರಿಸಿದರೆ, ಆ ನಿರ್ಧಾರ ಅವರ ಮನೆಯಲ್ಲಿ ಆಗಿರುತ್ತದೆ. ಆದರೆ ಮಗುವಿನ ಕಡತ ತೆರೆದುಕೊಳ್ಳುವುದು ಬೇರೆಡೆ. ಅದು ಯಾದಗಿರಿಯ ರೈಲು ನಿಲ್ದಾಣದಲ್ಲಿ ಒಂಟಿಯಾಗಿ ಕಂಡ ಮಗುವಿನ ಬಗ್ಗೆ ಬಂದ ದೂರವಾಣಿ ಕರೆಯಾಗಿರಬಹುದು, ಶಹಾಪುರದ ಹೆರಿಗೆ ವಾರ್ಡಿನ ದಾಖಲೆಯಾಗಿರಬಹುದು, ಸುರಪುರದ ಪೊಲೀಸ್ ಠಾಣೆಯಲ್ಲಿ ಬರೆದಿಟ್ಟ ನಾಲ್ಕು ಸಾಲಿನ ವರದಿಯೂ ಆಗಿರಬಹುದು. ದಂಪತಿಯ ಆಸೆ, ಆದಾಯ, ವಿದ್ಯಾಭ್ಯಾಸ ಎಲ್ಲವೂ ಪರಿಶೀಲನೆಗೆ ಒಳಪಡುವುದು ನಿಜವಾದರೂ, ದತ್ತು ನ್ಯಾಯವಾದದ್ದೇ ಅಲ್ಲವೇ ಎಂಬುದು ಬಹುಮಟ್ಟಿಗೆ ಈ ಮೊದಲ ಪುಟದಲ್ಲಿಯೇ ನಿರ್ಧಾರವಾಗುತ್ತದೆ.

ದತ್ತು ಪ್ರಕ್ರಿಯೆಯನ್ನು ಕುರಿತು ನಗರವಾಸಿಗಳಲ್ಲಿ ಕುತೂಹಲವೂ ಇದೆ, ತಪ್ಪು ಕಲ್ಪನೆಯೂ ಇದೆ. ಹಣವಿದ್ದವರಿಗೆ ಮಗು ಸುಲಭವಾಗಿ ಸಿಗುತ್ತದೆ ಎಂಬುದು ಒಂದು ಕಲ್ಪನೆ, ವಿದೇಶಿಯರಿಗೆ ಮಗುವನ್ನು ಕೊಡುವುದೇ ಅಪರಾಧ ಎಂಬುದು ಇನ್ನೊಂದು. ಎರಡೂ ಸರಿಯಲ್ಲ. ಕಾನೂನು ಏನು ಹೇಳುತ್ತದೆ, ಅದು ಹೀಗೇಕೆ ರೂಪುಗೊಂಡಿತು, ತಾಲ್ಲೂಕು ಮಟ್ಟದಲ್ಲಿ ಏನು ನಡೆಯಬೇಕು ಎಂಬುದರ ವಿವರ ಇಲ್ಲಿದೆ.

ಗದ್ದುಗೆಗೆ ಮಗ, ಮಗುವಿಗೆ ಮನೆ

ಕನ್ನಡ ನಾಡಿನ ಇತಿಹಾಸದಲ್ಲಿ ದತ್ತು ಎಂಬ ಮಾತಿಗೆ ದೊಡ್ಡ ಸ್ಥಾನವಿದೆ. 1824ರಲ್ಲಿ ಕಿತ್ತೂರು ಸಂಸ್ಥಾನ ಶಿವಲಿಂಗಪ್ಪನನ್ನು ದತ್ತು ತೆಗೆದುಕೊಂಡಾಗ ಧಾರವಾಡದ ಕಲೆಕ್ಟರ್ ಥ್ಯಾಕರೆ ಅದನ್ನು ಮಾನ್ಯ ಮಾಡಲಿಲ್ಲ. ರಾಣಿ ಚೆನ್ನಮ್ಮನ ಹೋರಾಟಕ್ಕೆ ಅದು ಕಾರಣವಾಯಿತು. ಅಂದಿನ ದತ್ತಿನ ಉದ್ದೇಶ ವಂಶ, ಆಸ್ತಿ ಮತ್ತು ಗದ್ದುಗೆಯ ಮುಂದುವರಿಕೆ. ಮಗು ಅದಕ್ಕೆ ಸಾಧನವಾಗಿತ್ತು.

ಸುರಪುರದ ಕಥೆ ಇದಕ್ಕಿಂತ ಭಿನ್ನ. ಇಲ್ಲಿನ ನಾಯಕ ಮನೆತನದ ಬಾಲರಾಜ ವೆಂಕಟಪ್ಪ ನಾಯಕನ ಕಾಲದಲ್ಲಿ ಸಂಸ್ಥಾನದ ಆಡಳಿತವನ್ನು ನೋಡಿಕೊಂಡವನು ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಹುಟ್ಟಿದ ಫಿಲಿಪ್ ಮೆಡೋಸ್ ಟೇಲರ್. 1841ರಲ್ಲಿ ಸುರಪುರಕ್ಕೆ ಬಂದ ಈತ 1853ರವರೆಗೆ ಇಲ್ಲಿದ್ದ. ಬಾಲರಾಜ ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ. ಈ ಸಂಬಂಧಕ್ಕೆ ದತ್ತಿನ ಹೆಸರಿರಲಿಲ್ಲ, ಕಾನೂನಿನ ಆಧಾರವೂ ಇರಲಿಲ್ಲ. ಆಡಳಿತ ರಾಜನ ಕೈಗೆ ಬಂದ ಬಳಿಕ ಟೇಲರ್ ಸುರಪುರವನ್ನು ಬಿಟ್ಟ. 1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದ ಯುವರಾಜ ಸೆರೆಸಿಕ್ಕ. ಮರಣದಂಡನೆಯಿಂದ ಪಾರಾದರೂ ಅದೇ ವರ್ಷ ಬಂಧನದಲ್ಲಿದ್ದಾಗಲೇ ಗುಂಡೇಟಿನಿಂದ ಸಾವನ್ನಪ್ಪಿದ. ಸುರಪುರದ ಬೆಟ್ಟದ ಮೇಲಿರುವ ಟೇಲರ್ ಮಂಜಿಲ್ ಆ ಕಾಲದ ಕುರುಹಾಗಿ ಇಂದಿಗೂ ನಿಂತಿದೆ. ಪ್ರೀತಿ ಎಷ್ಟೇ ಇದ್ದರೂ ಹೊಣೆ ಯಾರದು ಎಂಬುದು ಕಾಗದದ ಮೇಲೆ ಸ್ಪಷ್ಟವಾಗಿರದಿದ್ದರೆ ಮಗುವಿಗೆ ರಕ್ಷಣೆ ಇಲ್ಲ ಎಂಬ ಮಾತಿಗೆ ಇದನ್ನು ಉದಾಹರಣೆಯಾಗಿ ನೋಡಬಹುದು.

ಸ್ವಾತಂತ್ರ್ಯಾನಂತರ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಹೆಣ್ಣುಮಗುವಿನ ದತ್ತಕ್ಕೂ ಅವಕಾಶ ನೀಡಿತು. ಆದರೆ ಅದು ಹಿಂದೂ, ಬೌದ್ಧ, ಜೈನ ಮತ್ತು ಸಿಖ್ ಸಮುದಾಯಗಳಿಗೆ ಮಾತ್ರ ಸೀಮಿತವಾಗಿತ್ತು. ಮುಸ್ಲಿಮ್, ಕ್ರೈಸ್ತ, ಪಾರ್ಸಿ ದಂಪತಿಗಳಿಗೂ ವಿದೇಶಿಯರಿಗೂ 1890ರ ಪೋಷಕರು ಮತ್ತು ಪಾಲಿತರ ಕಾಯ್ದೆಯಡಿ ಪಾಲಕತ್ವ ಮಾತ್ರ ಸಿಗುತ್ತಿತ್ತು. ವಿದೇಶಿ ದಂಪತಿ ಇಲ್ಲಿನ ನ್ಯಾಯಾಲಯದಿಂದ ಪಾಲಕರಾಗಿ ನೇಮಕಗೊಂಡು, ಮಗುವನ್ನು ತಮ್ಮ ದೇಶಕ್ಕೆ ಒಯ್ದು, ಅಲ್ಲಿನ ಕಾನೂನಿನಂತೆ ದತ್ತು ಪಡೆಯಬೇಕಾಗಿತ್ತು. ಈ ನಡುವಿನ ಅವಧಿಯಲ್ಲಿ ಮಗು ಯಾರ ಮಗು ಎಂಬ ಪ್ರಶ್ನೆಗೆ ಪೂರ್ಣ ಉತ್ತರವಿರಲಿಲ್ಲ.

ಒಂದು ಪತ್ರ, ಒಂದು ತೀರ್ಪು

1982ರಲ್ಲಿ ವಕೀಲ ಲಕ್ಷ್ಮೀಕಾಂತ ಪಾಂಡೆ ಅವರು ಸರ್ವೋಚ್ಚ ನ್ಯಾಯಾಲಯಕ್ಕೆ ಪತ್ರವೊಂದನ್ನು ಬರೆದರು. ಭಾರತದ ಮಕ್ಕಳನ್ನು ವಿದೇಶಿಯರಿಗೆ ದತ್ತು ನೀಡುವಲ್ಲಿ ಅಕ್ರಮ ನಡೆಯುತ್ತಿದೆ ಎಂಬುದು ಅವರ ದೂರು. ಈ ಪತ್ರವನ್ನೇ ರಿಟ್ ಅರ್ಜಿಯಾಗಿ ಪರಿಗಣಿಸಲಾಯಿತು. ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರಿದ್ದ ಪೀಠ 1984ರ ಫೆಬ್ರುವರಿ 6ರಂದು ನೀಡಿದ ತೀರ್ಪು ಈ ಕ್ಷೇತ್ರದ ಬುನಾದಿಯಾಯಿತು. ಮಗುವಿಗೆ ಮೊದಲು ದೇಶದೊಳಗೇ ಕುಟುಂಬವನ್ನು ಹುಡುಕಬೇಕು, ಅದು ಸಾಧ್ಯವಾಗದಾಗ ಮಾತ್ರ ವಿದೇಶದ ಕಡೆಗೆ ನೋಡಬೇಕು, ಮಾನ್ಯತೆ ಪಡೆದ ಸಂಸ್ಥೆಗಳ ಮೂಲಕವೇ ಪ್ರಕ್ರಿಯೆ ನಡೆಯಬೇಕು ಎಂಬುದು ಅದರ ಸಾರ.

ಈ ತೀರ್ಪಿನ ಫಲವಾಗಿ 1990ರಲ್ಲಿ ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರ, ಅಂದರೆ ‘ಕಾರಾ’ ಅಸ್ತಿತ್ವಕ್ಕೆ ಬಂದಿತು. 1993ರ ಮೇ 29ರಂದು ಹೇಗ್ ನಗರದಲ್ಲಿ ಅಂತರರಾಷ್ಟ್ರೀಯ ದತ್ತಿನ ಒಡಂಬಡಿಕೆ ಸಿದ್ಧವಾಯಿತು. ಭಾರತ ಅದನ್ನು 2003ರ ಜೂನ್‌ನಲ್ಲಿ ಅನುಮೋದಿಸಿತು. 2000ದ ಬಾಲನ್ಯಾಯ ಕಾಯ್ದೆ ಧರ್ಮಭೇದವಿಲ್ಲದೆ ಎಲ್ಲರಿಗೂ ದತ್ತಿನ ದಾರಿ ತೆರೆಯಿತು. ವೈಯಕ್ತಿಕ ಕಾನೂನು ಏನೇ ಇದ್ದರೂ ಇಚ್ಛೆಯುಳ್ಳ ಯಾರೇ ಆದರೂ ಈ ಕಾಯ್ದೆಯಡಿ ದತ್ತು ಪಡೆಯಬಹುದು ಎಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ಶಬನಮ್ ಹಾಶ್ಮಿ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಪ್ರಸ್ತುತ ಜಾರಿಯಲ್ಲಿರುವುದು 2016ರ ಜನವರಿಯಲ್ಲಿ ಜಾರಿಗೆ ಬಂದ 2015ರ ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ, ಅದಕ್ಕೆ 2021ರಲ್ಲಿ ಆದ ತಿದ್ದುಪಡಿ ಹಾಗೂ 2022ರ ದತ್ತು ನಿಯಮಾವಳಿ.

ಮೊದಲ ಪುಟ ಬರೆಯುವವರು

ಒಂಟಿಯಾಗಿ ಕಂಡ ಮಗುವಿನ ಮಾಹಿತಿಯನ್ನು 24 ಗಂಟೆಯೊಳಗೆ ಮಕ್ಕಳ ಸಹಾಯವಾಣಿ 1098, ಪೊಲೀಸ್ ಠಾಣೆ, ಮಕ್ಕಳ ಕಲ್ಯಾಣ ಸಮಿತಿ ಅಥವಾ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ನೀಡುವುದು ಕಡ್ಡಾಯ. ಸಾರ್ವಜನಿಕರಿಗೂ ಆಸ್ಪತ್ರೆಗಳಿಗೂ ಇದು ಅನ್ವಯಿಸುತ್ತದೆ. ಮಾಹಿತಿ ನೀಡದೆ ಮಗುವನ್ನು ಇಟ್ಟುಕೊಳ್ಳುವುದು, ‘ಮಕ್ಕಳಿಲ್ಲದವರಿಗೆ ಕೊಟ್ಟೆವು, ಪುಣ್ಯದ ಕೆಲಸ’ ಎಂದು ಕೈಗೆ ಕೈ ಬದಲಾಯಿಸುವುದು ಶಿಕ್ಷಾರ್ಹ. ಕ್ರಮಬದ್ಧ ಪ್ರಕ್ರಿಯೆ ಅನುಸರಿಸದೆ ದತ್ತು ನೀಡಿದರೆ ಅಥವಾ ಪಡೆದರೆ 3 ವರ್ಷದವರೆಗೆ ಸೆರೆವಾಸ, 1 ಲಕ್ಷ ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದು. ಮಗುವಿನ ಮಾರಾಟಕ್ಕೆ 5 ವರ್ಷದವರೆಗೆ ಕಠಿಣ ಸಜೆ ಇದೆ. ಅಪರಾಧಿ ಆಸ್ಪತ್ರೆಯ ಸಿಬ್ಬಂದಿಯಾಗಿದ್ದರೆ ಸಜೆ 3 ವರ್ಷಕ್ಕಿಂತ ಕಡಿಮೆ ಇರುವಂತಿಲ್ಲ, 7 ವರ್ಷದವರೆಗೂ ಹೋಗಬಹುದು.

ಮಗು ಸಮಿತಿಯ ಮುಂದೆ ಬಂದ ನಂತರ ಅದರ ಪೋಷಕರನ್ನು ಹುಡುಕುವ ವಿಚಾರಣೆ ಆರಂಭವಾಗುತ್ತದೆ. ಮಗುವಿನ ಭಾವಚಿತ್ರ ಮತ್ತು ವಿವರ ಪತ್ರಿಕೆಗಳಲ್ಲಿ ಪ್ರಕಟವಾಗಬೇಕು. 2 ವರ್ಷದೊಳಗಿನ ಮಗುವಾದರೆ 2 ತಿಂಗಳೊಳಗೆ, ಅದಕ್ಕಿಂತ ದೊಡ್ಡ ಮಗುವಾದರೆ 4 ತಿಂಗಳೊಳಗೆ ಸಮಿತಿ ವಿಚಾರಣೆ ಮುಗಿಸಿ, ‘ದತ್ತಿಗೆ ಕಾನೂನುಬದ್ಧವಾಗಿ ಮುಕ್ತ’ ಎಂಬ ಘೋಷಣೆಯ ಬಗ್ಗೆ ನಿರ್ಧರಿಸಬೇಕು. ಕನಿಷ್ಠ ಮೂವರು ಸದಸ್ಯರು ಸೇರಿ ಈ ನಿರ್ಧಾರ ಕೈಗೊಳ್ಳಬೇಕು.

ಯಾದಗಿರಿ ಜಿಲ್ಲೆಯ ಮಟ್ಟಿಗೆ ಈ ಹಂತದಲ್ಲೇ ಹೆಚ್ಚಿನ ಎಚ್ಚರ ಬೇಕು. ಈ ಭಾಗದ ಸಾವಿರಾರು ಕುಟುಂಬಗಳು ಮಳೆಗಾಲ ಕೈಕೊಟ್ಟಾಗ, ಸುಗ್ಗಿ ಮುಗಿದಾಗ ಬೆಂಗಳೂರು, ಮುಂಬಯಿ, ಪುಣೆಗಳತ್ತ ಗುಳೆ ಹೋಗುತ್ತವೆ. ಮಕ್ಕಳು ಅಜ್ಜಿಯ ಬಳಿಯಲ್ಲೋ ಬಂಧುಗಳ ಮನೆಯಲ್ಲೋ ಉಳಿಯುತ್ತಾರೆ, ಇಲ್ಲವೇ ಕಟ್ಟಡ ಕಾಮಗಾರಿಯ ಜಾಗಕ್ಕೆ ಹೆತ್ತವರ ಜೊತೆಯಲ್ಲೇ ಹೋಗುತ್ತಾರೆ. ಮುಂಬಯಿ ಮತ್ತು ಚೆನ್ನೈ ನಡುವಿನ ರೈಲು ಮಾರ್ಗದಲ್ಲಿರುವ ಯಾದಗಿರಿ ನಿಲ್ದಾಣದಲ್ಲಿ ಕಂಡ ಮಗು ಇದೇ ಜಿಲ್ಲೆಯದೇ ಆಗಿರಬೇಕೆಂದಿಲ್ಲ. ಪಕ್ಕದ ತೆಲಂಗಾಣದ್ದಾಗಿರಬಹುದು, ಮಹಾರಾಷ್ಟ್ರದ್ದೂ ಆಗಿರಬಹುದು. ಕನ್ನಡ ಪತ್ರಿಕೆಯಲ್ಲಿ ಬಂದ ಪ್ರಕಟಣೆ ತೆಲುಗು ಅಥವಾ ಮರಾಠಿ ಮಾತ್ರ ಬಲ್ಲ ತಾಯಿಯನ್ನು ತಲುಪುವುದಿಲ್ಲ. ಮಗು ಬೇರೆ ರಾಜ್ಯದ್ದೆಂದು ತಿಳಿದರೆ ಆ ಪ್ರದೇಶದ ಭಾಷೆಯಲ್ಲಿ ಪ್ರಕಟಣೆ ನೀಡಬೇಕೆಂಬ ನಿಯಮದ ಹಿಂದಿನ ತರ್ಕ ಇದೇ. ಓದು ಬಾರದ ಹೆತ್ತವರ ವಿಷಯದಲ್ಲಿ ಪತ್ರಿಕೆಗಿಂತ ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ ಮತ್ತು ಗ್ರಾಮ ಪಂಚಾಯಿತಿಯ ವಿಚಾರಣೆಯೇ ಹೆಚ್ಚು ಫಲಕಾರಿ. ಕಾಣೆಯಾದ ಮಗುವನ್ನು ತ್ಯಜಿಸಿದ ಮಗುವೆಂದು ತಿಳಿದು ದಾಖಲಿಸಿದರೆ ಮುಂದಿನ ಎಲ್ಲ ಹಂತಗಳೂ ನಿಯಮದಂತೆ ನಡೆದರೂ ಅನ್ಯಾಯ ತಪ್ಪುವುದಿಲ್ಲ.

ಮಗುವನ್ನು ಸಾಕಲಾರದ ಹೆತ್ತವರು ಸಮಿತಿಯ ಮುಂದೆ ಒಪ್ಪಿಸುವುದಕ್ಕೂ ಕಾನೂನಿನಲ್ಲಿ ಅವಕಾಶವಿದೆ. ಅವಿವಾಹಿತ ತಾಯಿಯ ಗುರುತನ್ನು ಬಹಿರಂಗಪಡಿಸುವಂತಿಲ್ಲ. ಒಪ್ಪಿಸಿದ ಮೇಲೂ ಮನಸ್ಸು ಬದಲಾಯಿಸಿ ಮಗುವನ್ನು ಹಿಂಪಡೆಯಲು 2 ತಿಂಗಳ ಕಾಲಾವಕಾಶವಿದೆ. ಕೈಮೀರಿದ ಪರಿಸ್ಥಿತಿಯಲ್ಲಿ ಮಗುವನ್ನು ತ್ಯಜಿಸಿದ ಹೆತ್ತವರ ಕೃತ್ಯವನ್ನು ಉದ್ದೇಶಪೂರ್ವಕ ಎಂದು ಪರಿಗಣಿಸಬಾರದು ಎಂದೂ ಕಾಯ್ದೆ ಹೇಳುತ್ತದೆ. ತಿಪ್ಪೆಯಲ್ಲಿ, ಮುಳ್ಳುಕಂಟಿಯಲ್ಲಿ ಹಸುಗೂಸನ್ನು ಬಿಟ್ಟುಹೋಗುವ ಘಟನೆಗಳ ಹಿಂದೆ ಬಡತನದಷ್ಟೇ ಈ ಅವಕಾಶದ ಅರಿವಿಲ್ಲದಿರುವುದೂ ಕೆಲಸ ಮಾಡುತ್ತದೆ.

ದೇಶದೊಳಗೆ ಮೊದಲ ಹುಡುಕಾಟ

ದತ್ತಿಗೆ ಮುಕ್ತವೆಂದು ಘೋಷಿತವಾದ ಮಗುವಿನ ವಿವರ ಕಾರಾದ ಗಣಕೀಕೃತ ವ್ಯವಸ್ಥೆಗೆ ಸೇರುತ್ತದೆ. ಘೋಷಣೆಯ ದಿನದಿಂದ 60 ದಿನಗಳೊಳಗೆ ಭಾರತೀಯ ಅಥವಾ ಅನಿವಾಸಿ ಭಾರತೀಯ ಪೋಷಕರು ದೊರೆಯದಿದ್ದರೆ ಮಗು ಅಂತರರಾಷ್ಟ್ರೀಯ ದತ್ತಿಗೆ ಅರ್ಹವಾಗುತ್ತದೆ. ಅಲ್ಲಿಯೂ ಅನಿವಾಸಿ ಭಾರತೀಯರು, ಸಾಗರೋತ್ತರ ಭಾರತೀಯ ನಾಗರಿಕರು ಮತ್ತು ಭಾರತೀಯ ಮೂಲದವರಿಗೆ ಆದ್ಯತೆ. ಅಂಗವೈಕಲ್ಯ ಇರುವ ಮಕ್ಕಳು, ಒಡಹುಟ್ಟಿದವರ ಗುಂಪು ಮತ್ತು 5 ವರ್ಷ ಮೀರಿದ ಮಕ್ಕಳ ವಿಷಯದಲ್ಲಿ ವಿದೇಶಿ ದತ್ತಿಗೆ ಪ್ರಾಶಸ್ತ್ಯ ನೀಡಬಹುದು.

ಇಲ್ಲಿ ಒಂದು ಕಹಿ ಸತ್ಯ ಅಡಗಿದೆ. ದೇಶದೊಳಗಿನ ದಂಪತಿಗಳಲ್ಲಿ ಬಹುಪಾಲು ಮಂದಿ ಕೇಳುವುದು ಆರೋಗ್ಯವಂತ ಎಳೆಗೂಸನ್ನು. ಅಂಥ ಕೂಸಿಗಾಗಿ ವರ್ಷಗಟ್ಟಲೆ ಕಾಯುವವರ ಸಾಲು ಉದ್ದವಿದೆ. ಸೀಳುತುಟಿಯ ಮಗು, ಹೃದಯದ ತೊಂದರೆಯ ಮಗು, ಏಳು ವರ್ಷದ ಅಕ್ಕ ಮತ್ತು ನಾಲ್ಕು ವರ್ಷದ ತಮ್ಮನ ಜೋಡಿ ಆ ಸಾಲಿನ ಕಣ್ಣಿಗೆ ಬೀಳುವುದಿಲ್ಲ. ವಿದೇಶದ ಮನೆ ಸೇರುವ ಮಕ್ಕಳಲ್ಲಿ ಇಂಥವರ ಪಾಲು ದೊಡ್ಡದು. ಕಾರಾ ನೀಡಿರುವ ಅಂಕಿಅಂಶದಂತೆ 2024-25ರಲ್ಲಿ ಒಟ್ಟು 4,515 ಮಕ್ಕಳು ದತ್ತು ಹೋದರು. ಅವರಲ್ಲಿ 4,155 ಮಕ್ಕಳಿಗೆ ದೇಶದೊಳಗೇ ಮನೆ ದೊರೆಯಿತು. ಅಂದರೆ ಅಂತರರಾಷ್ಟ್ರೀಯ ದತ್ತು ಇಂದು ಒಟ್ಟು ದತ್ತಿನ ಹತ್ತರಲ್ಲೊಂದು ಪಾಲಿಗಿಂತಲೂ ಕಡಿಮೆ.

ದಂಪತಿಯ ಮುಂದಿರುವ ಹಂತಗಳು

ದತ್ತು ಬಯಸುವ ದಂಪತಿಗೆ ಕನಿಷ್ಠ 2 ವರ್ಷದ ಸ್ಥಿರ ದಾಂಪತ್ಯ ಜೀವನವಿರಬೇಕು, ಇಬ್ಬರ ಒಪ್ಪಿಗೆಯೂ ಇರಬೇಕು. ಮಗುವಿಗೂ ಪೋಷಕರಿಗೂ ಕನಿಷ್ಠ 25 ವರ್ಷ ಅಂತರವಿರಬೇಕು. 2 ವರ್ಷದೊಳಗಿನ ಮಗುವಿಗೆ ದಂಪತಿಯ ಒಟ್ಟು ವಯಸ್ಸು 85 ಮೀರಬಾರದು. ಮಗುವಿನ ವಯಸ್ಸು ಹೆಚ್ಚಿದಂತೆ ಈ ಮಿತಿಯೂ ಹೆಚ್ಚುತ್ತದೆ. ಒಂಟಿ ಮಹಿಳೆ ಗಂಡು ಅಥವಾ ಹೆಣ್ಣು ಮಗುವನ್ನು ಪಡೆಯಬಹುದು, ಒಂಟಿ ಪುರುಷನಿಗೆ ಹೆಣ್ಣುಮಗುವನ್ನು ನೀಡಲಾಗದು.

ವಿದೇಶದಲ್ಲಿರುವ ದಂಪತಿ ನೇರವಾಗಿ ಯಾದಗಿರಿಗೋ ಕಲಬುರಗಿಗೋ ಬಂದು ಮಗುವನ್ನು ಆರಿಸಿಕೊಳ್ಳುವಂತಿಲ್ಲ. ಅವರು ತಾವಿರುವ ದೇಶದ ಮಾನ್ಯತೆ ಪಡೆದ ದತ್ತು ಸಂಸ್ಥೆ ಅಥವಾ ಅಲ್ಲಿನ ಕೇಂದ್ರೀಯ ಪ್ರಾಧಿಕಾರವನ್ನು ಸಂಪರ್ಕಿಸಬೇಕು. ಸಮಾಜ ಕಾರ್ಯಕರ್ತರು ಮನೆಗೆ ಭೇಟಿ ನೀಡಿ ಗೃಹ ಅಧ್ಯಯನ ವರದಿ ಸಿದ್ಧಪಡಿಸುತ್ತಾರೆ. ಆದಾಯ, ಆರೋಗ್ಯ, ಪೊಲೀಸ್ ದಾಖಲೆಗಳ ಜೊತೆಗೆ ದಂಪತಿಯ ಮನೋಭಾವವೂ ಅದರಲ್ಲಿ ಸೇರುತ್ತದೆ. ವರದಿ ಕಾರಾಕ್ಕೆ ತಲುಪಿದ ನಂತರ ಸರದಿಯಂತೆ ಮಗುವಿನ ಭಾವಚಿತ್ರ, ವೈದ್ಯಕೀಯ ವರದಿ ಮತ್ತು ಹಿನ್ನೆಲೆಯ ಅಧ್ಯಯನವನ್ನು ಕಳುಹಿಸಲಾಗುತ್ತದೆ.

ದಂಪತಿ ಒಪ್ಪಿದ ಬಳಿಕ ಕಾರಾ ನಿರಾಕ್ಷೇಪಣಾ ಪತ್ರ ನೀಡುತ್ತದೆ. ನಂತರ ಮಗು ಇರುವ ಜಿಲ್ಲೆಯಲ್ಲಿ ದತ್ತು ಆದೇಶಕ್ಕೆ ಅರ್ಜಿ ಸಲ್ಲಿಕೆಯಾಗುತ್ತದೆ. ಆದೇಶವಾದ ಮೇಲೆ ಹೇಗ್ ಒಡಂಬಡಿಕೆಯ 23ನೇ ವಿಧಿಯಂತೆ ಅನುಸರಣಾ ಪ್ರಮಾಣಪತ್ರ ದೊರೆಯುತ್ತದೆ. ಮಗುವಿಗೆ ಭಾರತದ ಪಾಸ್‌ಪೋರ್ಟ್ ಸಿಗುತ್ತದೆ. ಮಗುವನ್ನು ಕರೆದೊಯ್ಯಲು ಪೋಷಕರು ಖುದ್ದಾಗಿ ಬರಬೇಕು. ಭಾರತದಲ್ಲಿರುವ ದಂಪತಿ ಬೇರೆ ದೇಶದ ಮಗುವನ್ನು ದತ್ತು ಪಡೆಯುವುದಕ್ಕೂ ನಿಯಮಾವಳಿಯಲ್ಲಿ ದಾರಿಯಿದೆ. ಆದರೆ ಆಗ ಆ ದೇಶದ ಕಾನೂನೇ ಮುಖ್ಯವಾಗುತ್ತದೆ.

ಆದೇಶ ಈಗ ಜಿಲ್ಲಾಧಿಕಾರಿಯದು

ದತ್ತು ಆದೇಶ ನೀಡುವ ಅಧಿಕಾರ ಹಿಂದೆ ನ್ಯಾಯಾಲಯದ್ದಾಗಿತ್ತು. 2021ರ ತಿದ್ದುಪಡಿ 2022ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ನಂತರ ಅದು ಜಿಲ್ಲಾ ದಂಡಾಧಿಕಾರಿಗೆ, ಅಂದರೆ ಜಿಲ್ಲಾಧಿಕಾರಿಗೆ ವರ್ಗವಾಯಿತು. ಅರ್ಜಿಯನ್ನು 2 ತಿಂಗಳೊಳಗೆ ಇತ್ಯರ್ಥಪಡಿಸಬೇಕು. ಆದೇಶದ ವಿರುದ್ಧ 30 ದಿನಗಳೊಳಗೆ ವಿಭಾಗೀಯ ಆಯುಕ್ತರಿಗೆ ಮೇಲ್ಮನವಿ ಸಲ್ಲಿಸಬಹುದು.

2009ರ ಡಿಸೆಂಬರ್‌ವರೆಗೆ ಯಾದಗಿರಿ, ಶಹಾಪುರ ಮತ್ತು ಸುರಪುರ ತಾಲ್ಲೂಕುಗಳು ಗುಲ್ಬರ್ಗಾ ಜಿಲ್ಲೆಯ ಭಾಗವಾಗಿದ್ದವು. ಜಿಲ್ಲೆ ಬೇರೆಯಾದ ಮೇಲೆ ಈ ಅಧಿಕಾರ ಜನರಿಗೆ ಹತ್ತಿರವಾಗಿದೆ. ವಿಳಂಬ ತಪ್ಪಿಸುವುದೇ ತಿದ್ದುಪಡಿಯ ಉದ್ದೇಶವೆಂದು ಸರ್ಕಾರ ಹೇಳಿತು. ಮಗುವಿನ ಉತ್ತರಾಧಿಕಾರ ಮತ್ತು ಕಾನೂನು ಸ್ಥಾನಮಾನವನ್ನು ನಿರ್ಧರಿಸುವ ಕೆಲಸ ನ್ಯಾಯಾಧೀಶರ ಬಳಿಯೇ ಇರಬೇಕಿತ್ತೆಂಬ ಆಕ್ಷೇಪವೂ ಕೇಳಿಬಂದಿತು. ಬರ, ಪ್ರವಾಹ, ಚುನಾವಣೆಗಳ ನಡುವೆ ಜಿಲ್ಲಾಧಿಕಾರಿ ಈ ಕಡತಕ್ಕೆ ಎಷ್ಟು ಸಮಯ ಕೊಡುತ್ತಾರೆ ಎಂಬುದರ ಮೇಲೆ ವ್ಯವಸ್ಥೆಯ ಯಶಸ್ಸು ನಿಂತಿದೆ.

ಬಂಧುಗಳ ಮಗು ವಿದೇಶಕ್ಕೆ

ವಿದೇಶದಲ್ಲಿ ನೆಲೆಸಿದ ಮಕ್ಕಳಿಲ್ಲದ ಅಣ್ಣನಿಗೆ ಊರಲ್ಲಿರುವ ತಮ್ಮ ತನ್ನ ಮಗುವನ್ನು ಕೊಡುವುದು ನಮ್ಮ ಕುಟುಂಬಗಳಲ್ಲಿ ಹೊಸದಲ್ಲ. ಹೋಮ ಮಾಡಿಸಿ, ದತ್ತಕ ಪತ್ರ ನೋಂದಾಯಿಸಿದರೆ ಸಾಕು ಎಂದು ಅನೇಕರು ತಿಳಿದಿದ್ದಾರೆ. ಮಗುವಿನ ವೀಸಾ ಅರ್ಜಿಯ ಹಂತದಲ್ಲಿ ಸಮಸ್ಯೆ ಎದುರಾಗುತ್ತದೆ. ಬಾಲನ್ಯಾಯ ಕಾಯ್ದೆಯಡಿ ಚಿಕ್ಕಪ್ಪ, ದೊಡ್ಡಪ್ಪ, ಅತ್ತೆ, ಸೋದರಮಾವ, ಚಿಕ್ಕಮ್ಮ, ದೊಡ್ಡಮ್ಮ, ಅಜ್ಜ, ಅಜ್ಜಿ ‘ಬಂಧು’ ಎಂಬ ವ್ಯಾಖ್ಯೆಗೆ ಸೇರುತ್ತಾರೆ. ಅವರು ವಿದೇಶದಲ್ಲಿದ್ದರೆ ದತ್ತು ಆದೇಶದ ಜೊತೆಗೆ ಕಾರಾದ ನಿರಾಕ್ಷೇಪಣಾ ಪತ್ರವೂ ಅಗತ್ಯ. 5 ವರ್ಷ ತುಂಬಿದ ಮಗುವಿನ ಒಪ್ಪಿಗೆಯನ್ನೂ ಪಡೆಯಬೇಕು. ಹಿಂದೂ ದತ್ತಕ ಕಾಯ್ದೆಯಡಿ ಆದ ದತ್ತಿಗೂ 2021ರ ಸೆಪ್ಟೆಂಬರ್‌ನಲ್ಲಿ ಪ್ರತ್ಯೇಕ ನಿಯಮ ರೂಪಿಸಲಾಗಿದ್ದು, ಜಿಲ್ಲಾ ದಂಡಾಧಿಕಾರಿಯ ಪರಿಶೀಲನೆಯ ನಂತರವೇ ಕಾರಾ ಮುಂದಿನ ಪತ್ರ ನೀಡುತ್ತದೆ.

ಗಡಿ ದಾಟಿದ ಮೇಲೆ

ವಿಮಾನ ಹತ್ತಿದೊಡನೆ ಹೊಣೆ ಮುಗಿಯುವುದಿಲ್ಲ. ಮೊದಲ ವರ್ಷ 3 ತಿಂಗಳಿಗೊಮ್ಮೆ, ಎರಡನೆಯ ವರ್ಷ 6 ತಿಂಗಳಿಗೊಮ್ಮೆ ಮಗುವಿನ ಪ್ರಗತಿಯ ವರದಿ ಭಾರತಕ್ಕೆ ಬರಬೇಕು. 2017ರ ಅಕ್ಟೋಬರ್‌ನಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ, ಬಿಹಾರದಿಂದ ದತ್ತು ಹೋಗಿದ್ದ 3 ವರ್ಷದ ಬಾಲಕಿ ಸಾವಿಗೀಡಾದಳು. ದತ್ತು ಪಡೆದವರು ಭಾರತೀಯ ಮೂಲದವರೇ ಆಗಿದ್ದರು, ತಂದೆಗೆ ಜೀವಾವಧಿ ಶಿಕ್ಷೆಯಾಯಿತು. ಸಮಾನ ಭಾಷೆ, ಸಮಾನ ಮೈಬಣ್ಣವಷ್ಟೇ ಮಗುವಿಗೆ ಭದ್ರತೆಯಾಗದು ಎಂಬುದನ್ನು ಈ ಪ್ರಕರಣ ತೋರಿಸಿತು.

ಪೌರತ್ವದ್ದು ಇನ್ನೊಂದು ಮುಖ್ಯ ವಿಷಯ. ಎಳವೆಯಲ್ಲೇ ಭಾರತದಿಂದ ದತ್ತು ಹೋಗಿದ್ದ ಮಹಿಳೆಯೊಬ್ಬರನ್ನು, ಪೋಷಕರು ಪೌರತ್ವದ ವಿಧಿಗಳನ್ನು ಪೂರೈಸಿರಲಿಲ್ಲವೆಂಬ ಕಾರಣಕ್ಕೆ, ಅಮೆರಿಕ 2008ರಲ್ಲಿ ಗಡೀಪಾರು ಮಾಡಿತು. ಭಾಷೆ ಬಾರದ, ಬಂಧುಗಳಿಲ್ಲದ ದೇಶಕ್ಕೆ ಆಕೆ ಮರಳಬೇಕಾಯಿತು. 2001ರಲ್ಲಿ ಜಾರಿಗೆ ಬಂದ ಅಮೆರಿಕದ ಮಕ್ಕಳ ಪೌರತ್ವ ಕಾಯ್ದೆ ಆ ವೇಳೆಗೆ 18 ವರ್ಷ ದಾಟಿದ್ದವರಿಗೆ ಅನ್ವಯಿಸಿರಲಿಲ್ಲ.

ಬೇರಿನ ಹುಡುಕಾಟ

ದತ್ತು ಹೋದ ಮಕ್ಕಳು ಬೆಳೆದು ದೊಡ್ಡವರಾದ ಮೇಲೆ ತಾವು ಹುಟ್ಟಿದ ಊರನ್ನು ಹುಡುಕಿಕೊಂಡು ಬರುವುದುಂಟು. ನಿಯಮಾವಳಿ ಇದಕ್ಕೆ ಅವಕಾಶ ನೀಡಿದೆ. 18 ವರ್ಷದೊಳಗಿನವರು ಪೋಷಕರ ಜೊತೆಗೂಡಿ, ನಂತರದವರು ಸ್ವತಂತ್ರವಾಗಿ ಮಾಹಿತಿ ಕೇಳಬಹುದು. ಮೂರನೆಯವರಿಗೆ ಮಾಹಿತಿ ಕೊಡುವಂತಿಲ್ಲ. ಒಪ್ಪಿಸಿದ ತಾಯಿ ತನ್ನ ಗುರುತು ತಿಳಿಸಲು ಇಚ್ಛಿಸದಿದ್ದರೆ ಅದನ್ನೂ ಗೌರವಿಸಬೇಕು. ಆದರೆ ಮಗು ಎಲ್ಲಿ ಸಿಕ್ಕಿತು, ಯಾವ ಸ್ಥಿತಿಯಲ್ಲಿತ್ತು, ಯಾವ ಆಸ್ಪತ್ರೆಗೆ ಸೇರಿತ್ತು ಎಂಬುದನ್ನಾದರೂ ತಿಳಿಯುವ ಆಸೆ ಸಹಜ. ಇಪ್ಪತ್ತು ವರ್ಷದ ಬಳಿಕ ಬರುವ ಆ ಪ್ರಶ್ನೆಗೆ ಠಾಣೆಯ ವರದಿ ಮತ್ತು ಸಮಿತಿಯ ದಾಖಲೆಯನ್ನು ಬಿಟ್ಟರೆ ಬೇರೆ ಉತ್ತರ ಇರುವುದಿಲ್ಲ.

ಜಗತ್ತಿನಾದ್ಯಂತ ಈ ಪ್ರಶ್ನೆ ಈಗ ಬಿರುಸಾಗಿದೆ. ಹಳೆಯ ಅಕ್ರಮಗಳು ಬಯಲಾದ ನಂತರ ನೆದರ್ಲೆಂಡ್ಸ್ 2021ರಲ್ಲಿ ವಿದೇಶಿ ದತ್ತನ್ನು ತಡೆಹಿಡಿಯಿತು. 2024ರಲ್ಲಿ ಚೀನಾ ತನ್ನ ಮಕ್ಕಳನ್ನು ವಿದೇಶಿಯರಿಗೆ ದತ್ತು ನೀಡುವುದನ್ನು ಬಹುತೇಕ ನಿಲ್ಲಿಸಿತು. ಹಿಂದಿನ ದಶಕಗಳಲ್ಲಿ ಮಕ್ಕಳ ಮೂಲದ ದಾಖಲೆಗಳನ್ನೇ ತಿರುಚಲಾಗಿತ್ತೆಂದು ದಕ್ಷಿಣ ಕೊರಿಯಾದ ಸತ್ಯಶೋಧನಾ ಆಯೋಗ 2025ರ ಮಾರ್ಚ್‌ನಲ್ಲಿ ವರದಿ ಮಾಡಿತು. ಅಲ್ಲೆಲ್ಲ ದೂರು ಬಂದದ್ದು ಮಕ್ಕಳನ್ನು ಸಾಕಿದವರ ಪ್ರೀತಿಯ ಬಗ್ಗೆ ಮಾತ್ರವಲ್ಲ. ಹೆತ್ತವರಿದ್ದ ಮಗುವನ್ನು ಅನಾಥವೆಂದು ಬರೆದ ಮೊದಲ ಪುಟದ ಬಗ್ಗೆಯೇ ಹೆಚ್ಚಿನ ದೂರು.

ಗಮನದಲ್ಲಿಡಬೇಕಾದ ಅಂಶಗಳು

ದತ್ತು ಬಯಸುವ ದಂಪತಿ ಆಸ್ಪತ್ರೆ, ಮಧ್ಯವರ್ತಿ ಅಥವಾ ಪರಿಚಿತರ ಮೂಲಕ ಮಗುವನ್ನು ಪಡೆಯಬಾರದು. ನಿಗದಿತ ಶುಲ್ಕವನ್ನು ಬಿಟ್ಟು ಯಾರಿಗೂ ಹಣ ನೀಡಬಾರದು. ಕಡತದಲ್ಲಿ ಮಗುವಿನ ಹಿನ್ನೆಲೆಯ ಕುರಿತು ಇರುವ ಪ್ರತಿಯೊಂದು ಕಾಗದದ ಪ್ರತಿಯನ್ನೂ ಕೇಳಿ ಪಡೆದು ಜೋಪಾನವಾಗಿಡಬೇಕು. ಅದು ಮಗುವಿನ ಆಸ್ತಿ. ಒಂಟಿ ಮಗುವನ್ನು ಕಂಡವರು ಭಾವಚಿತ್ರ ತೆಗೆದು ಎಲ್ಲೆಡೆ ಹರಡುವ ಬದಲು 1098ಕ್ಕೆ ಕರೆ ಮಾಡಿ, ಮಗು ಕಂಡ ಸ್ಥಳ, ಸಮಯ, ತೊಟ್ಟ ಬಟ್ಟೆ, ಆಡಿದ ಮಾತನ್ನು ಸರಿಯಾಗಿ ಹೇಳಬೇಕು. ಸುರಪುರದ ಬಸ್ ನಿಲ್ದಾಣದಲ್ಲಿ ನಿಂತು ಹೇಳಿದ ಆ ನಾಲ್ಕು ಮಾತು ಮಗುವನ್ನು ತಾಯಿಯ ಮಡಿಲಿಗೆ ಮರಳಿಸಬಹುದು. ಅದು ಸಾಧ್ಯವಾಗದಿದ್ದರೆ, ಮುಂದೊಂದು ದಿನ ದೂರದ ದೇಶದಿಂದ ಬಂದು ‘ನಾನು ಎಲ್ಲಿಯವಳು?’ ಎಂದು ಕೇಳುವವಳಿಗೆ ಉಳಿದಿರುವ ಏಕೈಕ ಉತ್ತರವೂ ಅದೇ ಆಗಬಹುದು.